ಸರ್ವರ್ ಬದುಕಿತ್ತು, ಕಛೇರಿ ನಿಂತಿತ್ತು: ನೇರ ಪ್ರಸಾರಕ್ಕೆ ಜೋಡಿ ಸರ್ವರ್ ಕಟ್ಟಿದ ನನ್ನ ಅನುಭವ

ಬಸವನಗುಡಿಯ ಒಂದು ಸಂಗೀತ ಸಭೆಯ ರಾಮನವಮಿ ಕಛೇರಿಗಳನ್ನು ಇಂಟರ್ನೆಟ್‌ನಲ್ಲಿ ನೇರ ಪ್ರಸಾರ ಮಾಡುವ ಕೆಲಸವನ್ನು ನಮ್ಮ ನಾಲ್ಕು ಜನರ ತಂಡ ಒಪ್ಪಿಕೊಂಡ ಮೊದಲ ವರ್ಷ ನಮ್ಮಲ್ಲಿದ್ದದ್ದು ಒಂದೇ ಸರ್ವರ್. ಎರಡನೆಯ ವರ್ಷ ವೈಟ್‌ಫೀಲ್ಡ್‌ನ ಒಂದು ಡೇಟಾ ಸೆಂಟರ್‌ನಲ್ಲಿ ಎರಡು ಸರ್ವರ್‌ಗಳನ್ನು ಇಟ್ಟು, ಎರಡಕ್ಕೂ ಸೇರಿ ಒಂದೇ ವರ್ಚುವಲ್ ಐಪಿ ವಿಳಾಸ ಕೊಟ್ಟು, ಒಂದು ಬಿದ್ದರೆ ಆ ವಿಳಾಸವನ್ನು ಇನ್ನೊಂದು ಎತ್ತಿಕೊಳ್ಳುವಂತೆ ಕೀಪ್‌ಅಲೈವ್‌ಡಿ ಎಂಬ ತಂತ್ರಾಂಶವನ್ನು ಹಾಕಿದೆವು. ಪರೀಕ್ಷೆಗೆಂದು ಮೊದಲ ಸರ್ವರನ್ನು ಆರಿಸಿದಾಗ ಎರಡನೆಯದು ನಾಲ್ಕು ಸೆಕೆಂಡಿನೊಳಗೆ ಕೆಲಸಕ್ಕೆ ನಿಂತಿತು. ಅಷ್ಟಕ್ಕೇ ನಾವು ನೆಮ್ಮದಿಯಾಗಿ ಮಲಗಿದೆವು.

ಉತ್ಸವದ ಐದನೆಯ ದಿನ ತೋಡಿ ರಾಗದ ಆಲಾಪನೆಯ ನಡುವೆ ಚಿತ್ರ ನಿಂತುಹೋಯಿತು. ನಮ್ಮ ಯಾವ ಎಚ್ಚರಿಕೆಯ ಗಂಟೆಯೂ ಬಡಿಯಲಿಲ್ಲ, ವಿಷಯ ತಿಳಿದದ್ದು ಮಲ್ಲೇಶ್ವರದ ಹಿರಿಯ ಶ್ರೋತೃವೊಬ್ಬರು ಫೋನ್ ಮಾಡಿ, “ಏನಪ್ಪಾ, ವಿದ್ವಾಂಸರು ಬಾಯಿ ತೆರೆದವರು ಹಾಗೇ ಕೂತುಬಿಟ್ಟಿದ್ದಾರಲ್ಲ!” ಎಂದು ಕೇಳಿದಾಗ. ಆಗಿದ್ದದ್ದು ಇಷ್ಟು: ಹಿಂದಿನ ದಿನಗಳ ಧ್ವನಿಮುದ್ರಣಗಳಿಂದ ಮೊದಲ ಸರ್ವರಿನ ಡಿಸ್ಕ್ ತುಂಬಿಹೋಗಿ, ವಿಡಿಯೊವನ್ನು ತುಣುಕುಗಳಾಗಿ ಕತ್ತರಿಸಿ ಬರೆಯುವ ಪ್ರೋಗ್ರಾಮಿಗೆ ಹೊಸ ತುಣುಕು ಬರೆಯಲು ಜಾಗವಿರಲಿಲ್ಲ. ಆದರೆ ತುಣುಕುಗಳನ್ನು ನೋಡುಗರಿಗೆ ತಲುಪಿಸುವ ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್ ಮಾತ್ರ ಹಳೆಯ ಪ್ಲೇಲಿಸ್ಟನ್ನೇ, ಅಂದರೆ ತುಣುಕುಗಳ ಹಳೆಯ ಪಟ್ಟಿಯನ್ನೇ, ಕೇಳಿದವರಿಗೆಲ್ಲ ಹಂಚುತ್ತಾ ಕುಳಿತಿತ್ತು. ಎಂಜಿನ್‌ಎಕ್ಸ್ ಓಡುತ್ತಿದೆಯೇ ಎಂದಷ್ಟೇ ನೋಡುವಂತೆ ನಾವು ಬರೆದಿದ್ದ ತಪಾಸಣೆಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಸತ್ತ ಸರ್ವರ್ ಜಾಗ ಬಿಟ್ಟುಕೊಡುತ್ತದೆ. ಬದುಕಿದ್ದೂ ಕೆಲಸ ಮಾಡದ ಸರ್ವರ್ ಜಾಗ ಬಿಡುವುದಿಲ್ಲ.

ಹಾಗಾಗಿ ಮೂರನೆಯ ವರ್ಷದ ಕೆಲಸವನ್ನು ಸರ್ವರಿನಿಂದಲ್ಲ, ನೋಡುಗನ ಪ್ಲೇಯರಿನಿಂದ ಆರಂಭಿಸಿದೆ. ಹೀಗೆ ತುಣುಕುಗಳು ಮತ್ತು ಪ್ಲೇಲಿಸ್ಟಿನ ಮೂಲಕ ವಿಡಿಯೊ ಕಳಿಸುವ ಎಚ್‌ಎಲ್‌ಎಸ್ ಪದ್ಧತಿಯನ್ನು ವಿವರಿಸುವ, 2017ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 8216 ಎಂಬ ತಾಂತ್ರಿಕ ದಾಖಲೆಯ ಪ್ರಕಾರ ನೇರ ಪ್ರಸಾರದಲ್ಲಿ ಪ್ಲೇಯರ್ ಪ್ಲೇಲಿಸ್ಟಿನ ತುದಿಯಿಂದ ಕನಿಷ್ಠ ಮೂರು ತುಣುಕುಗಳಷ್ಟು ಹಿಂದೆ ಆರಂಭಿಸಬೇಕು. ನಮ್ಮ ತುಣುಕು 6 ಸೆಕೆಂಡಿನದು. ಅಂದರೆ ಕೊನೆಯ ತುಣುಕು ಬಂದ ಗಳಿಗೆಯಿಂದ ನೋಡುಗನ ಬಳಿ ಸುಮಾರು 18 ಸೆಕೆಂಡಿನ ಬುತ್ತಿ ಇರುತ್ತದೆ. ಆ ಬುತ್ತಿ ಮುಗಿಯುವುದರೊಳಗೆ ಇನ್ನೊಂದು ಸರ್ವರಿನಿಂದ ಮುಂದಿನ ತುಣುಕು ತಲುಪಿದರೆ ಆತನಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಹಳೆಯ ತಪಾಸಣೆ 5 ಸೆಕೆಂಡಿಗೊಮ್ಮೆ ನಡೆದು, ಮೂರು ಸಲ ಸೋತ ಮೇಲಷ್ಟೇ ದೂರುತ್ತಿತ್ತು. ಅದಕ್ಕೇ 15 ಸೆಕೆಂಡ್ ಹೋಗುತ್ತಿತ್ತು.

ಹೊಸ ತಪಾಸಣೆ ಪ್ಲೇಲಿಸ್ಟಿನ ಕೊನೆಯ ತುಣುಕು ಎಷ್ಟು ಹಳೆಯದು ಎಂಬುದನ್ನು ಸೆಕೆಂಡಿಗೊಮ್ಮೆ ನೋಡುತ್ತದೆ. ತುಣುಕು 9 ಸೆಕೆಂಡಿಗಿಂತ ಹಳಸಿದ್ದು, ಸತತ ಎರಡು ತಪಾಸಣೆಯಲ್ಲೂ ಹಾಗೆಯೇ ಕಂಡರೆ ಸರ್ವರ್ ತನ್ನನ್ನು ತಾನೇ ಕೆಟ್ಟಿದೆ ಎಂದು ಸಾರಿಕೊಳ್ಳುತ್ತದೆ. ಅಲ್ಲಿಗೆ 11 ಸೆಕೆಂಡ್. ವಿಳಾಸ ಯಾರ ಬಳಿ ಇರಬೇಕೆಂದು ತೀರ್ಮಾನಿಸಲು ಕೀಪ್‌ಅಲೈವ್‌ಡಿ ಬಳಸುವ ವಿಆರ್‌ಆರ್‌ಪಿ ಎಂಬ ಕ್ರಮದಲ್ಲಿ ಮುಖ್ಯ ಸರ್ವರ್ ಸೆಕೆಂಡಿಗೊಮ್ಮೆ “ನಾನಿದ್ದೇನೆ” ಎಂದು ಘೋಷಿಸುತ್ತದೆ. ಕಾಯುವ ಸರ್ವರ್ ಅಂತಹ ಮೂರು ಘೋಷಣೆಗಳ ಕಾಲ ಮತ್ತು ತನ್ನ ಆದ್ಯತೆಯ ಸಂಖ್ಯೆಗೆ ಅನುಗುಣವಾದ ಇನ್ನಷ್ಟು ಹೊತ್ತು ನೋಡಿ ವಿಳಾಸವನ್ನು ತೆಗೆದುಕೊಳ್ಳುತ್ತದೆ. ಆದ್ಯತೆ 100 ಇದ್ದರೆ ಆ ಹೆಚ್ಚುವರಿ ಹೊತ್ತು 256ರಲ್ಲಿ 156 ಪಾಲು, ಒಟ್ಟು ಸುಮಾರು 3.6 ಸೆಕೆಂಡ್. ಎಲ್ಲ ಕೂಡಿಸಿದರೆ 15 ಸೆಕೆಂಡಿಗಿಂತ ಕಡಿಮೆ, ಬುತ್ತಿ 18 ಸೆಕೆಂಡಿನದು. ಉಳಿಯುವ ಮೂರು ಸೆಕೆಂಡ್ ಮೊಬೈಲ್ ನೆಟ್‌ವರ್ಕಿನ ಪಾಲು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಯಾರಾದರೂ ತಡವಾಗುತ್ತಿದೆಯೆಂದು ತುಣುಕನ್ನು 2 ಸೆಕೆಂಡಿಗೆ ಇಳಿಸೋಣ ಎಂದಾಗ ಅದನ್ನು ತೋರಿಸುತ್ತೇನೆ.

ವಿಳಾಸ ಬೇಗ ದಾಟಿದರೆ ಸಾಲದು ಎಂಬುದು ಮುಂದಿನ ಪಾಠ. ಪ್ಲೇಲಿಸ್ಟಿನಲ್ಲಿ ತುಣುಕುಗಳಿಗೆ ಕ್ರಮಸಂಖ್ಯೆ ಇರುತ್ತದೆ, ಆ ಸಂಖ್ಯೆ ಎಂದೂ ಹಿಂದಕ್ಕೆ ಹೋಗಬಾರದೆಂಬುದು ನಿಯಮ. ನಮ್ಮ ಎರಡು ಸರ್ವರ್‌ಗಳು ತಮ್ಮ ತಮ್ಮ ಪಾಡಿಗೆ ಎಣಿಸುತ್ತಿದ್ದುದರಿಂದ, ಒಂದು 840ನೆಯ ತುಣುಕು ಕೊಡುತ್ತಿದ್ದಾಗ, ಮಧ್ಯಾಹ್ನ ಮರುಚಾಲನೆಗೊಂಡ ಇನ್ನೊಂದು 310ರಲ್ಲಿ ಇರುತ್ತಿತ್ತು. ವಿಳಾಸ ದಾಟಿದ ಕೂಡಲೇ ಕೆಲವು ಪ್ಲೇಯರ್‌ಗಳು ಸುಮ್ಮನೆ ತಿರುಗುವ ಚಕ್ರ ತೋರಿಸುತ್ತಾ ನಿಂತುಬಿಡುತ್ತಿದ್ದವು. ಇದಕ್ಕೆ ನಾನು ಮೊದಲು ಹಿಡಿದ ದಾರಿ ತಪ್ಪಾಗಿತ್ತು: ಎರಡೂ ಸರ್ವರ್‌ಗಳು ಒಂದೇ ಡಿಸ್ಕನ್ನು ಹಂಚಿಕೊಳ್ಳಲೆಂದು ಪೇಸ್‌ಮೇಕರ್, ಕೊರೊಸಿಂಕ್, ಡಿಆರ್‌ಬಿಡಿ ಎಂಬ ಭಾರೀ ತಂತ್ರಾಂಶಗಳೆಲ್ಲವನ್ನೂ ತಂದು ಎರಡು ವಾರ ಕಳೆದೆ. ಡೇಟಾಬೇಸಿಗೆ ಅದು ಬೇಕು. ಒಂದು ನಿಮಿಷ ಕಳೆದರೆ ಯಾರಿಗೂ ಬೇಡವಾಗುವ ತುಣುಕುಗಳಿಗೆ ಅಷ್ಟು ಸರಂಜಾಮು ಹೊರಿಸಿದ್ದು ನನ್ನ ಅವಿವೇಕ.

ಕೊನೆಗೆ ಸಭಾಂಗಣದ ಎನ್‌ಕೋಡರ್, ಅಂದರೆ ಕ್ಯಾಮೆರಾದ ಚಿತ್ರವನ್ನು ಪ್ರಸಾರಕ್ಕೆ ಸಿದ್ಧಪಡಿಸಿ ಕಳಿಸುವ ಯಂತ್ರ, ಒಂದೇ ಸ್ಟ್ರೀಮನ್ನು ಏಕಕಾಲಕ್ಕೆ ಎರಡೂ ಸರ್ವರ್‌ಗಳಿಗೆ ಕಳಿಸುವಂತೆ ಮಾಡಿದೆ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದ ‘ಟೀ’ ಸೌಲಭ್ಯ ಇದಕ್ಕೆ ಒದಗುತ್ತದೆ, ಆದರೆ ಅದನ್ನು ಇದ್ದಂತೆಯೇ ಬಳಸಿದರೆ ಎರಡರಲ್ಲಿ ಒಂದು ಸಂಪರ್ಕ ಕಡಿದರೂ ಪೂರ್ತಿ ಪ್ರಸಾರವೇ ನಿಲ್ಲುತ್ತದೆ. ಒಂದು ಸೋತರೆ ಕಡೆಗಣಿಸಿ ಮುಂದುವರಿಯಬೇಕೆಂದೂ, ಪ್ರತಿ ಸಂಪರ್ಕಕ್ಕೂ ಬೇರೆ ಸರದಿ ಇರಬೇಕೆಂದೂ ಬಿಡಿಸಿ ಹೇಳಬೇಕು. ಎರಡೂ ಸರ್ವರ್‌ಗಳು ಒಂದೇ ಜಾಗದಲ್ಲಿ ತುಣುಕು ಕತ್ತರಿಸಲು ಕೀಫ್ರೇಮ್ (ಬೇರೆ ಫ್ರೇಮಿನ ಆಸರೆಯಿಲ್ಲದೆ ತಾನೇ ಪೂರ್ತಿ ಚಿತ್ರವಾಗಿರುವ ಫ್ರೇಮ್) ಸರಿಯಾಗಿ 2 ಸೆಕೆಂಡಿಗೊಮ್ಮೆ, ಅಂದರೆ ನಮ್ಮ 25 ಫ್ರೇಮಿನ ವಿಡಿಯೊದಲ್ಲಿ 50 ಫ್ರೇಮಿಗೊಂದು ಬರಬೇಕು. ದೃಶ್ಯ ಬದಲಾದಾಗ ತಾನಾಗಿ ಕೀಫ್ರೇಮ್ ಹಾಕುವ ಅಭ್ಯಾಸವನ್ನು ಬಿಡಿಸಬೇಕು. ಸ್ಟ್ರೀಮಿನೊಳಗಿನ ಸಮಯವನ್ನು ಆ ದಿನದ ನಡುರಾತ್ರಿಯಿಂದ ಎಣಿಸಿದ ಮಿಲಿಸೆಕೆಂಡುಗಳಾಗಿ ಇಟ್ಟೆ, ಏಕೆಂದರೆ ಎನ್‌ಕೋಡರಿನಿಂದ ಸರ್ವರಿಗೆ ಸ್ಟ್ರೀಮ್ ಒಯ್ಯುವ ಆರ್‌ಟಿಎಂಪಿ ಪದ್ಧತಿಯ 32 ಬಿಟ್ಟಿನ ಸಮಯಕ್ಕೆ 49 ದಿನ ಚಿಲ್ಲರೆಗಿಂತ ಹೆಚ್ಚು ಹಿಡಿಸುವುದಿಲ್ಲ. ಪ್ರತಿ ಸರ್ವರ್ ಆ ಸಮಯವನ್ನು 6 ಸೆಕೆಂಡಿನಿಂದ ಭಾಗಿಸಿ ತುಣುಕಿನ ಸಂಖ್ಯೆಯನ್ನು ಪಡೆಯುತ್ತದೆ. ಇನ್ನೊಂದನ್ನು ಕೇಳಬೇಕಾಗಿಲ್ಲ, ಮರುಚಾಲನೆಯಾದರೂ ಎಣಿಕೆ ತಪ್ಪುವುದಿಲ್ಲ. ಇದರಿಂದ ಒಂದು ಅನಿರೀಕ್ಷಿತ ಲಾಭವೂ ಆಯಿತು: ನಡುವಿನ ಕೊಂಡಿ ಕಡಿದು ಎರಡೂ ಸರ್ವರ್‌ಗಳು “ನಾನೇ ಮುಖ್ಯ” ಎಂದುಕೊಂಡರೂ ಇಬ್ಬರ ಬಳಿಯೂ ಅದೇ ಸಂಖ್ಯೆಯ ಅದೇ ತುಣುಕು ಇರುವುದರಿಂದ ನೋಡುಗನಿಗೆ ಕಾಣುವ ಕೇಡು ತೀರಾ ಕಡಿಮೆ.

ಕೀಪ್‌ಅಲೈವ್‌ಡಿಯಲ್ಲಿ ನಮ್ಮನ್ನು ಒಂದು ದಿನವಿಡೀ ಕಾಡಿದ ಗಂಟೊಂದಿದೆ. ಚೇತರಿಸಿಕೊಂಡ ಮೊದಲ ಸರ್ವರ್ ಕಛೇರಿಯ ನಡುವೆ ಮತ್ತೆ ವಿಳಾಸ ಕಿತ್ತುಕೊಳ್ಳಬಾರದೆಂದು ಎರಡನ್ನೂ ಬ್ಯಾಕಪ್ ಸ್ಥಿತಿಯಲ್ಲೇ ಆರಂಭಿಸಿ ‘ನೋಪ್ರಿಎಂಪ್ಟ್’ (ಕಿತ್ತುಕೊಳ್ಳಬೇಡ) ಎಂಬ ಆಯ್ಕೆ ಹಾಕಿದೆವು. ಜೊತೆಗೆ ತಪಾಸಣೆ ಸೋತರೆ ಆದ್ಯತೆ 30 ಇಳಿಯಲಿ ಎಂದೂ ಬರೆದಿದ್ದೆವು. ಇವೆರಡೂ ಒಟ್ಟಿಗೆ ನಡೆಯುವುದಿಲ್ಲ: ಆದ್ಯತೆ ಇಳಿದ ಮುಖ್ಯ ಸರ್ವರ್ ಘೋಷಣೆ ನಿಲ್ಲಿಸುವುದಿಲ್ಲ, ಕಿತ್ತುಕೊಳ್ಳಬೇಡವೆಂದು ಹೇಳಿಸಿಕೊಂಡ ಇನ್ನೊಂದು ವಿಧೇಯವಾಗಿ ನೋಡುತ್ತಾ ಕೂರುತ್ತದೆ. ಆದ್ಯತೆಯ ಇಳಿಕೆಯನ್ನು ತೆಗೆದುಹಾಕಿ, ಸೋತ ಸರ್ವರ್ ಪೂರ್ತಿ ಹಿಂದೆ ಸರಿಯುವಂತೆ ಮಾಡಿದ ಮೇಲೆ ಸರಿಹೋಯಿತು.

ಅದರ ಬೆನ್ನಿಗೇ ಇನ್ನೊಂದು. ಮೊದಲ ದಿನ ಮಂಗಳ ಹಾಡಿ ಕಛೇರಿ ಮುಗಿದು, ಹುಡುಗರು ಎನ್‌ಕೋಡರ್ ಆರಿಸಿದರು. ಎರಡೂ ಸರ್ವರ್‌ಗಳಿಗೆ ಹೊಸ ತುಣುಕು ಬರುವುದು ನಿಂತಿತು, ಎರಡೂ ತಾವು ಕೆಟ್ಟಿದ್ದೇವೆಂದು ಸಾರಿ ವಿಳಾಸ ಬಿಟ್ಟುಕೊಟ್ಟವು, ಕೊನೆಯ ತುಕ್ಕಡ ನೋಡುತ್ತಿದ್ದವರಿಗೆ ಪುಟವೇ ತೆರೆಯಲಿಲ್ಲ. ಈಗ ತಪಾಸಣೆ ಪಕ್ಕದ ಸರ್ವರಿನ ಪ್ಲೇಲಿಸ್ಟನ್ನೂ ಇಣುಕಿ ನೋಡುತ್ತದೆ. ತನ್ನದು ಹಳಸಿ, ಪಕ್ಕದ್ದು ತಾಜಾ ಇದ್ದರೆ ಮಾತ್ರ ಹಿಂದೆ ಸರಿಯುತ್ತದೆ.

ವಿದ್ಯುತ್ತಿನ ವಿಷಯವನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಇಷ್ಟೆಲ್ಲ ಮಾಡಿದ ನಂತರ ಡೇಟಾ ಸೆಂಟರಿಗೆ ಹೋಗಿ ರ‍್ಯಾಕಿನ ಹಿಂದೆ ಬಗ್ಗಿ ನೋಡಿದರೆ ಎರಡೂ ಸರ್ವರ್‌ಗಳ ಪ್ಲಗ್ಗು ಒಂದೇ ಪವರ್ ಪಟ್ಟಿಯಲ್ಲಿತ್ತು.

ಪರೀಕ್ಷೆಯನ್ನು ಈಗ ಬೇರೆ ರೀತಿ ಮಾಡುತ್ತೇವೆ. ಸರ್ವರ್ ಆರಿಸುವುದು, ಪ್ರೋಗ್ರಾಮನ್ನು ಕೊಲ್ಲುವುದು ಸುಲಭದ ಸಾವುಗಳು. ನಾವು ಮಾಡುವುದು ತುಣುಕು ಬರೆಯುವ ಪ್ರೋಗ್ರಾಮಿಗೆ ‘ಸ್ಟಾಪ್’ ಸಂಕೇತ ಕಳಿಸಿ, ಅದು ಪಟ್ಟಿಯಲ್ಲಿ ಇದ್ದೂ ಕೆಲಸ ಮಾಡದಂತೆ ಮರಗಟ್ಟಿಸುವುದು, ಮತ್ತು ದೊಡ್ಡ ಫೈಲೊಂದನ್ನು ಸೃಷ್ಟಿಸಿ ಡಿಸ್ಕ್ ತುಂಬಿಸುವುದು. ಉತ್ಸವಕ್ಕೆ ಮುಂಚಿನ ತಾಲೀಮಿನಲ್ಲಿ ನಾನು ಇದನ್ನು ಮಾಡುವಾಗ ಸಹೋದ್ಯೋಗಿಯೊಬ್ಬರು ಮೆಟ್ರೊದಲ್ಲಿ ಕುಳಿತು ಮೊಬೈಲಿನಲ್ಲಿ ನೋಡುತ್ತಿರುತ್ತಾರೆ; ಯಾವಾಗ ಮಾಡುತ್ತೇನೆಂದು ಅವರಿಗೆ ಹೇಳುವುದಿಲ್ಲ.

ಸಭಾಂಗಣದ ಎನ್‌ಕೋಡರ್ ಮಾತ್ರ ಇನ್ನೂ ಒಂಟಿ. ಪಕ್ಕದಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಸಿದ್ಧವಾಗಿದೆ, ಅದೂ ನಡುರಾತ್ರಿಯಿಂದಲೇ ಎಣಿಸುತ್ತದೆ. ಆದರೆ ಎರಡರ ಕೀಫ್ರೇಮ್‌ಗಳು ಒಂದೇ ಗಳಿಗೆಗೆ ಬೀಳದ ಕಾರಣ, ಬದಲಿಸಿದಾಗ ಪ್ಲೇಲಿಸ್ಟಿನಲ್ಲಿ ಸ್ಟ್ರೀಮ್ ತುಂಡಾಗಿದೆ ಎಂಬ ಗುರುತು ಹಾಕಬೇಕಾಗುತ್ತದೆ, ಚಿತ್ರ ಒಮ್ಮೆ ಜಗ್ಗುತ್ತದೆ. ತನಿ ಆವರ್ತನದ ವೇಳೆ ಅದನ್ನು ಮುಟ್ಟಬಾರದೆಂದು ಹುಡುಗರಿಗೆ ಹೇಳಿಟ್ಟಿದ್ದೇನೆ.