ಕರಗಿದ ಕ್ಯಾಲೊರಿ ಎಷ್ಟು? ನೀವೇ ಲೆಕ್ಕ ಹಾಕಿ

ಟ್ರೆಡ್‌ಮಿಲ್ ಪರದೆ 240 ಅನ್ನುತ್ತದೆ. ಕೈಯಲ್ಲಿರುವ ವಾಚು 190 ಅನ್ನುತ್ತದೆ. ಮೊಬೈಲಿನ ಆ್ಯಪ್ 165ಕ್ಕೇ ನಿಂತುಬಿಡುತ್ತದೆ. ನಡೆದವರು ಒಬ್ಬರೇ, ನಡೆದದ್ದೂ ಒಂದೇ ಸಲ. ಹಾಗಾದರೆ ಯಾವುದನ್ನು ನಂಬುವುದು? ಸದ್ಯಕ್ಕೆ ಮೂರನ್ನೂ ಪಕ್ಕಕ್ಕಿಡಿ. ಕಾಗದ, ಪೆನ್ನು ತೆಗೆದುಕೊಳ್ಳಿ. ಗುಣಾಕಾರ ಬಂದರೆ ಸಾಕು, ಅವುಗಳಿಗಿಂತ ನಂಬಬಹುದಾದ ಲೆಕ್ಕ ನೀವೇ ಹಾಕಬಹುದು.

ಮೊದಲು ಎರಡು ಅಂಕಿ ಬರೆದುಕೊಳ್ಳಿ: ನಿಮ್ಮ ತೂಕ ಎಷ್ಟು ಕಿಲೋ, ವ್ಯಾಯಾಮ ಮಾಡಿದ್ದು ಎಷ್ಟು ನಿಮಿಷ. ತೂಕ ಇವತ್ತಿನದ್ದೇ ಇರಲಿ, ಎರಡು ವರ್ಷದ ಹಿಂದಿನದ್ದು ಬೇಡ. ನಿಮಿಷ ಅಂದರೆ ಮೈ ಆಡಿಸಿದ ನಿಮಿಷ. ಶೂ ಕಟ್ಟಿದ್ದು, ನೀರು ಕುಡಿದದ್ದು, ಪರಿಚಯದವರು ಸಿಕ್ಕರೆಂದು ನಿಂತು ಮಾತಾಡಿದ್ದು ಇದರಲ್ಲಿ ಸೇರುವುದಿಲ್ಲ.

ಇನ್ನು ಬೇಕಾದದ್ದು ವ್ಯಾಯಾಮ ಎಷ್ಟು ಜೋರಾಗಿತ್ತು ಅನ್ನುವುದಕ್ಕೊಂದು ಅಂಕಿ. ಇದಕ್ಕೆ ‘ಮೆಟ್’ ಎಂಬ ಅಳತೆ ಇದೆ. ಸುಮ್ನೆ ಕೂತಿದ್ದಾಗ ದೇಹ ಬಳಸುವ ಶಕ್ತಿಯೇ 1 ಮೆಟ್. ಅಂದರೆ ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ (ಆಹಾರದ ಪೊಟ್ಟಣದ ಮೇಲೆ ಬರೆದಿರುತ್ತಾರಲ್ಲ, ಅದೇ ಕ್ಯಾಲೊರಿ). ಯಾವ ಕೆಲಸಕ್ಕೆ ಎಷ್ಟು ಮೆಟ್ ಅನ್ನುವ ದೊಡ್ಡ ಪಟ್ಟಿಯೊಂದನ್ನು ಸಂಶೋಧಕರು 1993ರಲ್ಲಿ ಪ್ರಕಟಿಸಿದರು. ಆಮೇಲೆ ಹಲವು ಸಲ ಪರಿಷ್ಕರಿಸಿದ್ದಾರೆ. ನಮಗೆ ಬೇಕಾದ ನಾಲ್ಕೈದು ಇಲ್ಲಿವೆ: ಹಠಯೋಗಕ್ಕೆ ಸುಮಾರು 2.5, ಗಂಟೆಗೆ 4.8 ಕಿಲೋಮೀಟರ್ ವೇಗದ ನಡಿಗೆಗೆ 3.5, ಅದಕ್ಕಿಂತ ಬಿರುಸಾಗಿ ನಡೆದರೆ 4.3, ಗಂಟೆಗೆ 8 ಕಿಲೋಮೀಟರ್ ಓಟಕ್ಕೆ 8ರ ಮೇಲೆ ಸ್ವಲ್ಪ. ಸ್ಕಿಪ್ಪಿಂಗ್ ಅಂತೂ ನಿಧಾನಕ್ಕೆ ಮಾಡಿದರೂ 8 ದಾಟುತ್ತದೆ, ಜೋರಾದರೆ 11ರ ಮೇಲೆ. ಆದರೆ ಅದನ್ನು ಬಿಡದೆ ಅರ್ಧ ಗಂಟೆ ಮಾಡುವವರು ಎಷ್ಟು ಜನ ಇದ್ದಾರೆ?

ಈಗ ಗುಣಾಕಾರ. ಮೆಟ್, ತೂಕ, ಗಂಟೆ, ಈ ಮೂರನ್ನೂ ಗುಣಿಸಿ. 70 ಕಿಲೋ ತೂಕದವರು 40 ನಿಮಿಷ ನಡೆದರು ಅನ್ನಿ. 3.5ನ್ನು 70ರಿಂದ ಗುಣಿಸಿದರೆ 245. ಅದು ಒಂದು ಗಂಟೆಯ ಲೆಕ್ಕ. 40 ನಿಮಿಷಕ್ಕೆ ಅದರ ಮೂರರಲ್ಲಿ ಎರಡು ಪಾಲು, ಅಂದರೆ 163.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ಖುಷಿಪಡುತ್ತಾರೆ. ಆದರೆ ಅಸಲಿ ಹೆಜ್ಜೆ ಇನ್ನೂ ಬಾಕಿ ಇದೆ. ನಮ್ಮ ದೇಹ ಇಂಜಿನ್ ಆಫ್ ಆಗದ ಗಾಡಿ ಇದ್ದ ಹಾಗೆ. ಆ 40 ನಿಮಿಷ ಸೋಫಾದ ಮೇಲೆ ಕೂತಿದ್ದರೂ ಒಂದಿಷ್ಟು ಕ್ಯಾಲೊರಿ ಖರ್ಚಾಗುತ್ತಲೇ ಇತ್ತು, ಅಲ್ವಾ? ಅದನ್ನು ನಡಿಗೆಯ ಖಾತೆಗೆ ಬರೆದರೆ ಮೋಸ. ಹಾಗಾಗಿ ಮೆಟ್ಟಿನಿಂದ 1 ಕಳೆದು, 3.5ರ ಬದಲು 2.5 ಹಿಡಿದು ಮತ್ತೆ ಗುಣಿಸಿ. ಬರುವುದು 117. ನಡೆದದ್ದಕ್ಕೇ ಅಂತ ಜಾಸ್ತಿ ಖರ್ಚಾದದ್ದು ಇಷ್ಟೇ. ಯೋಗದಂಥ ಹಗುರ ವ್ಯಾಯಾಮದಲ್ಲಿ ಈ ಕಳೆಯುವಿಕೆ ಜೋರಾಗಿಯೇ ತಟ್ಟುತ್ತದೆ: 2.5ರಲ್ಲಿ 1 ಹೋದರೆ ಉಳಿಯುವುದು 1.5. ಓಟದಲ್ಲಿ ಅಷ್ಟೊಂದು ವ್ಯತ್ಯಾಸ ಕಾಣುವುದಿಲ್ಲ.

ಲೆಕ್ಕ ಸರಿಯೇ ಅಂತ ನೋಡಲು ಇನ್ನೊಂದು ದಾರಿ ಇದೆ. ಇದರಲ್ಲಿ ನಿಮಿಷ ಬೇಡ, ದೂರ ಗೊತ್ತಿದ್ದರೆ ಸಾಕು. ಸಮತಟ್ಟು ರಸ್ತೆಯಲ್ಲಿ ಒಂದು ಕಿಲೋಮೀಟರ್ ನಡೆದರೆ ಪ್ರತಿ ಕಿಲೋ ತೂಕಕ್ಕೆ ಸುಮಾರು ಅರ್ಧ ಕ್ಯಾಲೊರಿ, ಓಡಿದರೆ ಸುಮಾರು 1. ಕೂತಿದ್ದಾಗಿನ ಖರ್ಚನ್ನು ಇದರಲ್ಲಿ ಮೊದಲೇ ಕಳೆದಿದೆ. ನಮ್ಮ 70 ಕಿಲೋದವರು ಆ ವೇಗದಲ್ಲಿ 40 ನಿಮಿಷಕ್ಕೆ ನಡೆದದ್ದು 3.2 ಕಿಲೋಮೀಟರ್. 3.2, 70, ಅರ್ಧ, ಗುಣಿಸಿದರೆ 112. ಮೊದಲಿನ ದಾರಿಯಲ್ಲಿ 117 ಬಂದಿತ್ತು. ಅಂದಾಜಿನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆ ತಾಳೆ ಸಿಗುವುದು ಕಷ್ಟ.

ಏರು ಬಂದರೆ ಮಾತ್ರ ಚಿತ್ರವೇ ಬದಲಾಗುತ್ತದೆ. ಶೇ 5ರ ಏರು, ಅಂದರೆ ನೂರು ಮೀಟರಿಗೆ ಐದು ಮೀಟರ್ ಮೇಲಕ್ಕೆ, ನೋಡುವುದಕ್ಕೆ ಏನೂ ಅಲ್ಲ. ಆದರೆ ನಡಿಗೆಯ ಖರ್ಚು ಅದರಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮೇಲಿನ 112 ಅನ್ನುವುದು 210ರ ಆಸುಪಾಸಿಗೆ ಹೋಗುತ್ತದೆ. ಮಂಡಿನೋವಿನಿಂದ ಓಡಲಾಗದವರಿಗೆ ಟ್ರೆಡ್‌ಮಿಲ್ಲಿನ ಏರು ಉಪಯೋಗಕ್ಕೆ ಬರುವುದು ಇದಕ್ಕೇ. ಒಂದೇ ಷರತ್ತು, ಮುಂದಿನ ಹಿಡಿಕೆಗೆ ಜೋತುಬೀಳಬಾರದು. ತೂಕವನ್ನು ಕೈಗೆ ಕೊಟ್ಟರೆ ಕಾಲಿನ ಕೆಲಸ ಇಳಿಯುತ್ತದೆ. ಯಂತ್ರಕ್ಕೆ ಗೊತ್ತಾಗುವುದು ಪಟ್ಟಿ ಓಡುವ ವೇಗ ಮತ್ತು ಏರು ಮಾತ್ರ, ನೀವು ನೇತಾಡುತ್ತಿರುವುದಲ್ಲ. ಅದು ಪೂರ್ತಿ ಕ್ಯಾಲೊರಿಯನ್ನೇ ತೋರಿಸುತ್ತಿರುತ್ತದೆ.

ಭಾರ ಎತ್ತುವವರ ಲೆಕ್ಕ ಸ್ವಲ್ಪ ಒರಟು. ಒಂದು ಸೆಟ್, ಒಂದಿಷ್ಟು ವಿಶ್ರಾಂತಿ, ಮತ್ತೊಂದು ಸೆಟ್ ಅಂತ ಸಾಗುವ ಮಾಮೂಲಿ ವ್ಯಾಯಾಮಕ್ಕೆ 3.5 ಹಿಡಿಯಿರಿ. ಸೆಟ್‌ಗಳ ನಡುವೆ ಹತ್ತು ನಿಮಿಷ ಮೊಬೈಲ್ ನೋಡಿದ್ದರೆ ಅದನ್ನು ಕಳೆದುಬಿಡಿ. ‘ವ್ಯಾಯಾಮ ಮುಗಿದ ಮೇಲೂ ಕೊಬ್ಬು ಕರಗುತ್ತಲೇ ಇರುತ್ತದೆ’ ಅನ್ನುವ ಮಾತು ಸುಳ್ಳಲ್ಲ, ಆದರೆ ಆ ಮೊತ್ತ ಚಿಕ್ಕದು. ಬೆವರಂತೂ ಲೆಕ್ಕಕ್ಕೇ ಇಲ್ಲ. ಅದು ಮೈ ತಂಪು ಮಾಡುವ ನೀರು, ಸೆಕೆ ಇದ್ದರೆ ನಿಂತಲ್ಲೇ ಸುರಿಯುತ್ತದೆ.

ಪವರ್ ಮೀಟರ್ (ಪೆಡಲಿಗೆ ತಲುಪುವ ಶಕ್ತಿಯನ್ನು ಅಳೆಯುವ ಸಾಧನ) ಇರುವ ಸೈಕಲ್ ತುಳಿಯುವವರ ಅದೃಷ್ಟವೇ ಬೇರೆ. ಅದು ತೋರಿಸುವ ಕಿಲೋಜೌಲ್ ಅಂಕಿಯನ್ನೇ ಕ್ಯಾಲೊರಿ ಅಂತ ಓದಿಕೊಂಡರೆ ಆಯಿತು. ಒಂದು ಕ್ಯಾಲೊರಿಗೆ 4.18 ಕಿಲೋಜೌಲ್ ನಿಜ. ಆದರೆ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ, ಉಳಿದದ್ದೆಲ್ಲ ಶಾಖ. ಹೀಗೆ ಎರಡೂ ಸರಿಹೋಗುತ್ತವೆ. ಸರಾಸರಿ 100 ವ್ಯಾಟ್‌ನಲ್ಲಿ ಒಂದು ಗಂಟೆ ತುಳಿದರೆ 360 ಕಿಲೋಜೌಲ್, ಹೆಚ್ಚುಕಡಿಮೆ 360 ಕ್ಯಾಲೊರಿ.

ಹಾಗಾದರೆ ವಾಚನ್ನು ಬಿಚ್ಚಿಡಬೇಕೇ? ಬೇಡ. ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಮಣಿಕಟ್ಟಿಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಏಳರಲ್ಲಿ ಆರು ಚೆನ್ನಾಗಿಯೇ ಅಳೆದವು. ಕ್ಯಾಲೊರಿ ವಿಷಯಕ್ಕೆ ಬಂದರೆ, ಇದ್ದುದರಲ್ಲಿ ಒಳ್ಳೆಯದೂ ಸರಾಸರಿ ಶೇ 27ರಷ್ಟು ತಪ್ಪಿತು. ಅತಿ ಕೆಟ್ಟದ್ದು ಶೇ 93ರಷ್ಟು! ಬಡಿತಕ್ಕೆ ವಾಚು ನೋಡಿ, ಕ್ಯಾಲೊರಿಗೆ ಕಾಗದ ನೋಡಿ. ನಿನ್ನೆಗಿಂತ ಇವತ್ತು ಜಾಸ್ತಿಯೋ ಕಡಿಮೆಯೋ ಅಂತ ಹೋಲಿಸುವುದಕ್ಕೆ ಅದೇ ವಾಚು ಸಾಕಾಗುತ್ತದೆ.

ಕಾಗದದ ಲೆಕ್ಕವೂ ಅಂದಾಜೇ. ಕೂತಿದ್ದಾಗಿನ ಖರ್ಚು ಎಲ್ಲರಿಗೂ ಒಂದೇ ಇರುವುದಿಲ್ಲ. ವಯಸ್ಸು, ಸ್ನಾಯು, ಕೊಬ್ಬು ಎಲ್ಲ ಸೇರಿ ಅದನ್ನು ಏರಿಳಿಸುತ್ತವೆ. ಹಾಗಾಗಿ 117 ಬಂದರೆ ‘ನೂರು, ನೂರಿಪ್ಪತ್ತು’ ಅಂದುಕೊಳ್ಳಿ. ತೂಕ ಇಳಿಸಲು ಹೊರಟವರಂತೂ ಕಡಿಮೆ ಅಂಕಿಯನ್ನೇ ಹಿಡಿಯುವುದು ಒಳ್ಳೆಯದು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಂಥ 66 ನಡಿಗೆಗಳು ಬೇಕು, ಅದೂ ತಿನ್ನುವುದು ಒಂಚೂರೂ ಹೆಚ್ಚಾಗದಿದ್ದರೆ. ತೂಕ ಇಳಿಯತೊಡಗಿದ ಮೇಲೆ ಲೆಕ್ಕವನ್ನು ಹೊಸದಾಗಿ ಹಾಕಿ. 80 ಕಿಲೋ ಇದ್ದವರು 72ಕ್ಕೆ ಬಂದರೆ, ಅದೇ ರಸ್ತೆ, ಅದೇ ವೇಗ, ಅದೇ ಹೊತ್ತಿನ ನಡಿಗೆಗೆ ಖರ್ಚಾಗುವುದು ಶೇ 10ರಷ್ಟು ಕಡಿಮೆ.