ಹುಣ್ಣಿಮೆ ಬಿಡಿ, ಅಷ್ಟಮಿಗೆ ಕ್ಯಾಮೆರಾ ತೆಗೆಯಿರಿ

"ಚಂದ್ರನ ಫೋಟೋ ತೆಗೆಯೋಕೆ ದೊಡ್ಡ ಲೆನ್ಸ್ ಬೇಕಲ್ವಾ?" ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ: ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ನನ್ನ ಹತ್ತಿರ ಇರುವುದು ಕ್ಯಾನನ್ 1300ಡಿ, ಜೊತೆಗೆ ಕಿಟ್‌ನಲ್ಲೇ ಬಂದ 55-250 ಮಿ.ಮೀ. ಲೆನ್ಸ್. ಮದುವೆ, ಮುಂಜಿ, ಪ್ರವಾಸಕ್ಕೆ ಅಂತ ಕೊಂಡದ್ದು. ಟೆಲಿಸ್ಕೋಪ್ ಇಲ್ಲ. ದಿನ ಸರಿಯಾಗಿದ್ದರೆ ಇಷ್ಟರಲ್ಲೇ ಚಂದ್ರನ ಮೇಲಿನ ಕುಳಿಗಳು ಸಿಗುತ್ತವೆ.

ಸರಿಯಾದ ದಿನ ಅಂದರೆ ಹುಣ್ಣಿಮೆ ಅಲ್ಲ. ಹುಣ್ಣಿಮೆಯಲ್ಲಿ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ನೇರ ಚಂದ್ರನ ಮುಖಕ್ಕೆ ಹೊಡೆಯುತ್ತದೆ. ನೆರಳೇ ಇರುವುದಿಲ್ಲ, ಫೋಟೋ ಚಪ್ಪಟೆ. ಗಾರೆ ಗೋಡೆಯ ಉಬ್ಬುತಗ್ಗು ಎದುರು ಬೆಳಕಿಗೆ ಕಾಣದೆ, ಸಂಜೆಯ ಓರೆ ಬಿಸಿಲಿಗೆ ಎದ್ದು ಕಾಣುತ್ತದಲ್ಲ, ಅದೇ ಲೆಕ್ಕ. ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯವರೆಗಿನ ಸಂಜೆಗಳು ನನಗೆ ಇಷ್ಟ. ಬೆಳಕೂ ಕತ್ತಲೆಯೂ ಸೇರುವ ಗೆರೆಯ ಅಕ್ಕಪಕ್ಕ ಕುಳಿಗಳ ನೆರಳು ಉದ್ದಕ್ಕೆ ಚಾಚಿರುತ್ತದೆ. ಅಷ್ಟಮಿಯ ಹೊತ್ತಿಗೆ ಟಾಲೆಮಿಯಸ್, ಅಲ್ಫಾನ್ಸಸ್, ಆರ್ಜಾಕೆಲ್ ಎಂಬ ಮೂರು ಕುಳಿಗಳು ಆ ಗೆರೆಯ ಹತ್ತಿರ ಸಾಲಾಗಿ ನಿಂತಿರುತ್ತವೆ. ಒಂದೆರಡು ದಿನ ಬಿಟ್ಟರೆ ಟೈಕೋ, ಕೋಪರ್ನಿಕಸ್ ಹೊರಬರುತ್ತವೆ. ಇನ್ನೊಂದು ಅನುಕೂಲ: ಅಷ್ಟಮಿ ಚಂದ್ರ ಸೂರ್ಯ ಮುಳುಗುವಾಗಲೇ ಮೇಲೆ ಬಂದಿರುತ್ತಾನೆ. ಕೆಲಸ ಮುಗಿಸಿ ಬಂದು, ಕಾಫಿ ಕುಡಿದು, ಮಹಡಿ ಹತ್ತಿದರೆ ಸಾಕು.

ಭಾದ್ರಪದ ಚೌತಿಯ ದಿನ ಮಾತ್ರ ನಮ್ಮ ಮನೆಯಲ್ಲಿ ಟ್ರೈಪಾಡ್ ಹೊರಗೆ ಬರುವುದಿಲ್ಲ. ಅಮ್ಮನ ಎದುರು ನನ್ನ ಶಟರ್ ಸ್ಪೀಡ್ ಲೆಕ್ಕ ನಡೆಯಲ್ಲ.

ಕ್ಯಾಮೆರಾವನ್ನು ಆಟೋದಲ್ಲಿಟ್ಟು ತೆಗೆದರೆ ಬರುವುದು ಸುಮ್ನೆ ಒಂದು ಬಿಳಿ ಬಿಲ್ಲೆ. ಫ್ರೇಮಿನ ತುಂಬ ಕಪ್ಪು ಆಕಾಶ ನೋಡಿ ಕ್ಯಾಮೆರಾ "ಕತ್ತಲೆ ಇದೆ" ಅಂದುಕೊಳ್ಳುತ್ತದೆ, ಬೆಳಕು ಜಾಸ್ತಿ ತುಂಬಿಸುತ್ತದೆ. ಆದರೆ ನಮಗೆ ರಾತ್ರಿಯಾದರೂ ಚಂದ್ರನ ಮೇಲಿರುವುದು ಹಗಲು. ಬಿಸಿಲಿನಲ್ಲಿ ಬಿದ್ದಿರುವ ಕಲ್ಲುಮಣ್ಣಿನ ಫೋಟೋ ಅಂತ ತಿಳಿದು ಮ್ಯಾನ್ಯುಯಲ್‌ಗೆ ಹಾಕಿ. ಪೂರ್ಣಚಂದ್ರನಿಗೆ ಹಳಬರ ಸೂತ್ರ ಒಂದಿದೆ: ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/11, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಇದ್ದರೆ ಶಟರ್ (ಬೆಳಕು ಬೀಳುವ ಸಮಯ) 1/100 ಸೆಕೆಂಡ್. ಅರ್ಧಚಂದ್ರನಿಗೆ ಬೆಳಕು ಇನ್ನೂ ಬೇಕು. ನಾನು ಎಫ್/8, ಐಎಸ್‌ಒ 200, 1/125ರಿಂದ ಶುರು ಮಾಡಿ, ಬಿಳಿ ಭಾಗ ಸುಟ್ಟುಹೋಗದ ಹಾಗೆ ಹಿಂದೆಮುಂದೆ ಮಾಡುತ್ತೇನೆ. ಜೆಪೆಗ್ ಬೇಡ, ರಾ ಫೈಲ್ (ಕ್ಯಾಮೆರಾ ಕುಗ್ಗಿಸದೆ ಉಳಿಸುವ ಮೂಲ ಚಿತ್ರ) ಇರಲಿ.

ಹೆಚ್ಚು ಸಮಯ ತಿನ್ನುವುದು ಫೋಕಸ್. ಲೆನ್ಸ್ ಪಕ್ಕದ ಗುಂಡಿಯನ್ನು ಎಂಎಫ್‌ಗೆ, ಅಂದರೆ ಕೈಯಿಂದ ಫೋಕಸ್ ಮಾಡುವುದಕ್ಕೆ ಸರಿಸಿ, ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನಿನಲ್ಲಿ) 10 ಪಟ್ಟು ದೊಡ್ಡದು ಮಾಡಿ, ಕುಳಿಗಳಿರುವ ಗೆರೆಯನ್ನೇ ನೋಡುತ್ತಾ ರಿಂಗನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಬೇಕು. ಕೊನೆಯವರೆಗೆ ತಿರುಗಿಸಿದರೆ ಅನಂತ (ತೀರಾ ದೂರದ ವಸ್ತುವಿನ ಫೋಕಸ್) ಅಲ್ಲ, ಅದನ್ನೂ ದಾಟಿಹೋಗಿರುತ್ತೀರಿ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಸ್ಟೆಬಿಲೈಸರ್ (ಕೈ ಅದುರು ತಡೆಯುವ ವ್ಯವಸ್ಥೆ) ಆಫ್. ಬಟನ್ ಒತ್ತಿದ ಅದುರು ಅಡಗಲು 2 ಸೆಕೆಂಡ್ ಟೈಮರ್. ಮಹಡಿಯಲ್ಲಿ ಯಾರಾದರೂ ಓಡಾಡಿದರೂ ಸ್ಕ್ರೀನಿನಲ್ಲಿ ಚಂದ್ರ ಕುಣಿಯುತ್ತಾನೆ, ಅದಕ್ಕೇ ಮಕ್ಕಳನ್ನು ಒಂದು ಕಡೆ ಕೂರಿಸಬೇಕು. ಎರಡು ನಿಮಿಷಕ್ಕೆ ಚಂದ್ರ ತನ್ನ ಅಗಲದಷ್ಟು ಜಾರುತ್ತಾನೆ, ಆಗಾಗ ನಡುವಿಗೆ ತಂದುಕೊಳ್ಳಿ.

ಸ್ಕ್ರೀನಿನಲ್ಲಿ ಕುಳಿಗಳ ಅಂಚು ನೀರಿನಡಿ ಇದ್ದ ಹಾಗೆ ತೇಲುತ್ತಿದ್ದರೆ ಲೆನ್ಸ್ ಬೈಯಬೇಡಿ. ಅದು ಬಿಸಿ ಗಾಳಿ. ಬೇಸಿಗೆಯಲ್ಲಿ ಕಾದ ಮಹಡಿ ರಾತ್ರಿ ಒಂಬತ್ತಾದರೂ ಕಾವು ಬಿಡುತ್ತಿರುತ್ತದೆ. ಚಂದ್ರ ಎತ್ತರದಲ್ಲಿರುವಾಗ, ಅಂಗಳದ ಮಣ್ಣಿನ ಮೇಲೆ ಕ್ಯಾಮೆರಾ ಇಟ್ಟು ತೆಗೆದದ್ದೇ ನನಗೆ ಚೆನ್ನಾಗಿ ಬಂದಿದೆ.

250 ಮಿ.ಮೀ.ಗೆ ಎಷ್ಟು ಸಿಗುತ್ತದೆ? ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೆ ಚಂದ್ರ ಬರೀ 2.3 ಮಿ.ಮೀ. ಅಗಲ. ಈ ಕ್ಯಾಮೆರಾದಲ್ಲಿ ಅದು ಐನೂರು ಚಿಲ್ಲರೆ ಪಿಕ್ಸೆಲ್. ಚಂದ್ರನ ವ್ಯಾಸ 3,474 ಕಿ.ಮೀ., ಅಂದರೆ ಒಂದು ಪಿಕ್ಸೆಲ್‌ಗೆ ಹತ್ತಿರಹತ್ತಿರ 6.5 ಕಿ.ಮೀ. 93 ಕಿ.ಮೀ. ಅಗಲದ ಕೋಪರ್ನಿಕಸ್‌ಗೆ 14 ಪಿಕ್ಸೆಲ್ ಸಿಕ್ಕಿತು. ಒಂದು ಗೋಡೆ, ಒಳಗೆ ನೆರಳು, ಅಷ್ಟು ಗುರುತಿಸಬಹುದು. ಇದನ್ನು ಇನ್ನಷ್ಟು ಹಿಂಡಬೇಕಾದರೆ ಇಪ್ಪತ್ತು ಮೂವತ್ತು ಫೋಟೋ ಸಾಲಾಗಿ ತೆಗೆದು ಆಟೋಸ್ಟಾಕರ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕೊಡಿ. ಚೆನ್ನಾಗಿರುವ ಫ್ರೇಮುಗಳನ್ನು ಆರಿಸಿ ಒಂದರ ಮೇಲೊಂದು ಕೂರಿಸುತ್ತದೆ. ಆಮೇಲೆ ಸ್ವಲ್ಪ ಶಾರ್ಪನ್. ಇಲ್ಲಿ ಆಸೆ ಜಾಸ್ತಿಯಾದರೆ ಚಂದ್ರನ ಅಂಚಿಗೆ ಬಿಳಿ ಬಳೆ ಬಂದುಬಿಡುತ್ತದೆ.

ನಕ್ಷೆ ಇಟ್ಟುಕೊಂಡು ಕುಳಿಗಳ ಹೆಸರು ಹುಡುಕುವುದು ತೆಗೆಯುವಷ್ಟೇ ಮಜಾ. ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ. ನಮ್ಮ ಕಡೆ ರಾತ್ರಿ ಪಶ್ಚಿಮಕ್ಕೆ ಇಳಿದ ಅರ್ಧಚಂದ್ರ, ಬೆಳಗಿದ ಭಾಗ ಕೆಳಗಾಗಿ ಮಲಗಿರುತ್ತಾನೆ. ಬೆಳಕು ಬಲಕ್ಕೆ ಬರುವಂತೆ ಫೋಟೋ ತಿರುಗಿಸಿಕೊಂಡರೆ ಹೊಂದುತ್ತದೆ. ಚಂದ್ರಯಾನ-3 ಇಳಿದದ್ದು 2023ರ ಆಗಸ್ಟ್ 23ರ ಸಂಜೆ, ಅಂದೂ ಸಪ್ತಮಿಯ ಚಂದ್ರ. ಅದು ಇಳಿದ ಜಾಗ ದಕ್ಷಿಣಕ್ಕೆ, ಹತ್ತಿರಹತ್ತಿರ 69 ಡಿಗ್ರಿ ಅಕ್ಷಾಂಶದಲ್ಲಿ. ಫೋಟೋದ ಕೆಳ ಅಂಚಿನಲ್ಲಿ ಕುಳಿಗಳು ಒಂದಕ್ಕೊಂದು ಒತ್ತಿಕೊಂಡಿರುವ ಕಡೆ ಬೆರಳಿಟ್ಟು ತೋರಿಸಬಹುದು. ಅಲ್ಲಿ ಇಳಿದ ವಿಕ್ರಮ್ ನೌಕೆ ಕಾಣುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಪಿಕ್ಸೆಲ್‌ಗೆ ಆರೂವರೆ ಕಿಲೋಮೀಟರ್, ನೆನಪಿದೆಯಲ್ಲ?

ಹುಣ್ಣಿಮೆಯ ಹತ್ತಿರದ ದಿನಗಳು ಬೆಟ್ಟ, ಗೋಪುರದ ಜೊತೆ ಚಂದ್ರನನ್ನು ಹಿಡಿಯಲು ಆಗುತ್ತವೆ. ಆಗ ದೂರ ನಿಲ್ಲಬೇಕು. 2 ಕಿ.ಮೀ. ಆಚೆಯಿಂದ ನೋಡಿದರೆ 57 ಅಡಿ ಎತ್ತರದ್ದು, ಅಂದರೆ ಶ್ರವಣಬೆಳಗೊಳದ ಗೊಮ್ಮಟನಷ್ಟು ದೊಡ್ಡದು, ಚಂದ್ರನ ಅಗಲಕ್ಕೆ ಸರಿಸಮ. ಹತ್ತಿರ ಹೋದಷ್ಟೂ ಅದರ ಪಕ್ಕ ಚಂದ್ರ ಚಿಕ್ಕದಾಗಿ ಕಾಣುತ್ತಾನೆ. ದಿನ ಆರಿಸುವಾಗ ಹುಣ್ಣಿಮೆಗಿಂತ ಹಿಂದಿನ ದಿನ, ಚತುರ್ದಶಿಯೇ ವಾಸಿ. ಸೂರ್ಯ ಮುಳುಗುವ ಮೊದಲೇ ಚಂದ್ರ ಹುಟ್ಟಿರುತ್ತಾನೆ, ನೆಲದ ಮೇಲೆ ಇನ್ನೂ ಬೆಳಕಿರುತ್ತದೆ, ಒಂದೇ ಎಕ್ಸ್‌ಪೋಷರ್‌ನಲ್ಲಿ ಎರಡೂ ಸಿಗುತ್ತವೆ.