ಚಟ್ನಿಪುಡಿ ಮಾರುವವರಿಗೆ: ಪೌಚ್ ಖರ್ಚು ಉಳಿಸುವುದು ಹೀಗೆ

ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುವವರು ಹೆಸರು ಮುದ್ರಿಸಿದ ಪೌಚ್‌ಗೆ ಆರಂಭದಲ್ಲೇ ಹಣ ಸುರಿಯಬೇಡಿ. ಮುದ್ರಕರು ಸಾವಿರಗಟ್ಟಲೆ ಆರ್ಡರ್ ಕೇಳುತ್ತಾರೆ. ಬೆಲೆಯೋ ತೂಕವೋ ಬದಲಾದರೆ ಉಳಿದದ್ದೆಲ್ಲ ರದ್ದಿ. ಖಾಲಿ ಜಿಪ್ ಪೌಚ್ ಸಗಟಿನಲ್ಲಿ ಕೊಂಡು ಸ್ಟಿಕ್ಕರ್ ಅಂಟಿಸಿ. ಅದರಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ ಸಂಖ್ಯೆ, ತಯಾರಿಸಿದ ದಿನಾಂಕ ಇರಲೇಬೇಕು.

ಒಳಗಿನ ಪುಡಿ ಕಾಣುವಂತೆ ಪಾರದರ್ಶಕ ಕಿಟಕಿಯಿರುವ ಕಂದು ಕಾಗದದ ಪೌಚ್ ನೋಡಲು ಚೆಂದ, ನಿಜ. ಆದರೆ ಕೊಬ್ಬರಿ, ಶೇಂಗಾ ಹಾಕಿದ ಪುಡಿಗೆ ಬೆಳಕು, ಗಾಳಿ ತಾಗಿದರೆ ಬೇಗ ಕಮಟು ವಾಸನೆ ಬರುತ್ತದೆ. ಒಳಗೆ ಅಲ್ಯೂಮಿನಿಯಂ ಪದರವಿರುವುದನ್ನೇ ಆರಿಸಿ. ಜಿಪ್ಪನ್ನೇ ನಂಬದೆ ಮೇಲಂಚನ್ನು ಸೀಲಿಂಗ್ ಯಂತ್ರದಿಂದ ಬೆಸೆಯಿರಿ.

ಕೊರಿಯರ್‌ಗೆ ಚಿಕ್ಕ ರಟ್ಟಿನ ಪೆಟ್ಟಿಗೆಯೇ ಲಾಭ. ಅನೇಕ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಶುಲ್ಕ.